ಹಲ್ಲು ಎಣಿಸಿ ಕೊಂಡದ್ದು

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು, ಸರಿ.
ಇದು ದಾನವಲ್ಲ ಎಲಿಸೆಯೊ ಅವರೇ,
ಸಾವಿರದ ನಾನೂರು ಡಾಲರು. ಎಣಿಸುತ್ತೇನೆ.
ರಿಯೊಬಾಂಬಾದ ಆ ಹಿತ್ತಲಲ್ಲಿ, ಕೋಳಿಗಳ ನಡುವೆ ಮಂಡಿಯೂರಿ
ಹಿಂದಿನ ಹಲ್ಲುಗಾಲಿಗೆ ಟಾರ್ಚು ಬಿಟ್ಟೆ.
ನಲವತ್ತೈದು. ಎಲ್ಲವೂ ಒಂದೇ ಕಡೆಗೆ
ಕೊಕ್ಕೆಯಂತೆ ಬಾಗಿದ್ದವು.
ಎರಡು ವರ್ಷದಿಂದ ಚೈನು ಎಣ್ಣೆ ಕಂಡಿಲ್ಲ, ಅಂದೆ.
ಆತ ನಕ್ಕ. ಮೇಲಿನ ಸೆಟ್ಟು ನನ್ನದೇ ಕೆಲಸ;
ಹತ್ತೊಂಬತ್ತು ವರ್ಷದಿಂದ ಈ ಊರಿನ ಅರ್ಧ ನಗು
ನನ್ನ ಬೆರಳಲ್ಲೇ ಅಚ್ಚಾಗಿ ಹೋಗಿದೆ.
ನೂರು ಡಾಲರು ಇಳಿಸಿದ.

ಮೊದಲು ಶೋರೂಮಿಗೂ ಹೋಗಿದ್ದೆ.
ಇಸ್ತ್ರಿ ಶರ್ಟಿನ ಹುಡುಗ ಕೇಳಿದ: ಕೆಲಸಕ್ಕೋ, ಬೆಟ್ಟಕ್ಕೋ?
ಎರಡಕ್ಕೂ, ಅಂದೆ.
ಎರಡಕ್ಕೂ ಅನ್ನುವ ಗಾಡಿ
ಎರಡಕ್ಕೂ ಅರ್ಧರ್ಧವೇ ಮೇಡಂ, ಅಂದ.
ಆಮೇಲೆ ಇಬ್ಬರೂ ಸೇರಿ
ನನ್ನ ಕಾಲಿನ ಉದ್ದ ನೋಡಿದೆವು.

ಅರ್ಧರ್ಧ ನನಗೆ ಹೊಸದೇನಲ್ಲ.
ಸೋಮವಾರದಿಂದ ಶುಕ್ರವಾರ ಏಳನೇ ನಂಬರಿನ ಬಸ್ಸು,
ಒಂದು ಕಾಲು ಒಳಗೆ, ಒಂದು ಮೆಟ್ಟಿಲ ಮೇಲೆ,
ಎದೆಗವಚಿದ ಡಬ್ಬಿಯಲ್ಲಿ ಯಾರದೋ ಕೆಳದವಡೆ.
ಕಂಡಕ್ಟರಿನ ಕಂಕುಳ ಆಚೆ, ಮೋಡ ಸರಿದ ದಿನ,
ಚಿಂಬೊರಾಸೊ:
ಯಾರೂ ಅಳತೆ ತೆಗೆಯದ ಒಂಟಿ ದವಡೆಹಲ್ಲು.
ನೋಡುವಷ್ಟರಲ್ಲಿ ಸ್ಟಾಪು ಬರುತ್ತಿತ್ತು.

ನಲವತ್ತಮೂರಕ್ಕೆ ಬೈಕೇ? ಅಕ್ಕ ತಾರ್ಹೇಲಿಯಾ ಕೇಳಿದಳು,
ಹೆಂಚಿನ ಮೇಲೆ ಜೋಳ ಹುರಿಯುತ್ತ.
ಹಲ್ಲಿದ್ದಾಗ ಜೋಳವಿರಲಿಲ್ಲ ಕಣೇ, ಅಂದೆ.
ಈಗ ಜೋಳವಿದೆ,
ಹಲ್ಲೂ ಇಪ್ಪತ್ತೇಳು ಉಳಿದಿವೆ, ಸ್ವಂತದ್ದು.
ಅವಳು ಉತ್ತರ ಕೊಡಲಿಲ್ಲ.
ಒಂದು ಹಿಡಿ ಬಿಸಿ ಕಾಳು ನನ್ನ ಹೆಲ್ಮೆಟ್ಟಿಗೆ ಸುರಿದಳು.

ಮೊದಲ ವಾರ ಪೇಟೆಯ ದಾರಿ ಅಷ್ಟೇ.
ಸಿಗ್ನಲ್ಲಿನಲ್ಲಿ ತುದಿಗಾಲು,
ಹಿಂದಿನಿಂದ ಹಾರ್ನು, ಗೇರು ಸಿಗದೆ ಮುಗಿದ ಹಸಿರು ದೀಪ,
ಅವಮಾನಕ್ಕೆ ಕಿವಿ ಬಿಸಿ.
ಆದರೂ ಎಂಟಕ್ಕೆ ಐದು ನಿಮಿಷವಿರುವಾಗಲೇ ಲ್ಯಾಬಿನ ಬಾಗಿಲು ತೆರೆದೆ.
ಡಾಕ್ಟರ್ ಲೊಂಬೇಯ್ದಾ ಗಡಿಯಾರವನ್ನು ಸಂಶಯದಿಂದ ನೋಡಿದರು.

ಭಾನುವಾರ ಟಾರು ಮುಗಿಯುವಲ್ಲಿ ಮುಗಿಸಲಿಲ್ಲ ನಾನು.
ಮಣ್ಣು. ಆಮೇಲೆ ಕಲ್ಲು. ಆಮೇಲೆ
ಜ್ವಾಲಾಮುಖಿ ಎಂದೋ ಉಗುಳಿ ಮರೆತ ಬೂದು ಮರಳು.
ಹುಲ್ಲು ಕೂಡ ಅಲ್ಲಿ ಯೋಚಿಸಿ ಯೋಚಿಸಿ ಬೆಳೆಯುತ್ತದೆ.
ಎಂಜಿನ್ನಿಗೂ ಉಬ್ಬಸ, ನನಗೂ.
ಮುಂದಿನ ಚಕ್ರ ತನಗೊಂದು ಬೇರೆ ಊರಿದೆ ಎಂಬಂತೆ
ಎಡಕ್ಕೆ ಹೊರಟಿತು.

ಬಿದ್ದದ್ದು ಮೆತ್ತಗೇ.
ಕ್ಲಚ್ಚಿನ ಲಿವರು ಅರ್ಧಕ್ಕೆ ಮುರಿದಿತ್ತು.
ನಾಲ್ಕು ವಿಕುನ್ಯಾಗಳು ಮೆಲುಕು ನಿಲ್ಲಿಸಿ ನೋಡಿದವು,
ಪುನಃ ಶುರು ಮಾಡಿದವು.
ನೂರಮೂವತ್ತು ಕಿಲೋ. ಕೈಯಿಂದ ಎತ್ತಿದೆ, ಏಳಲಿಲ್ಲ.
ಬೈದೆ, ಏಳಲಿಲ್ಲ. ಕೂತು ಕಾಳು ತಿಂದೆ.
ಆಮೇಲೆ, ಯಾರೂ ಕಲಿಸಿರದ ರೀತಿಯಲ್ಲಿ,
ಬೆನ್ನು ಕೊಟ್ಟೆ ಸೀಟಿಗೆ,
ಬೆಟ್ಟಕ್ಕೆ ಮುಖ ಮಾಡಿ, ಹಲ್ಲು ಕಚ್ಚಿ,
ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ.
ಶೋರೂಮಿನ ಹುಡುಗನಿಗೆ ಉದ್ದ ಸಾಲದೆ ಕಂಡ ಕಾಲೇ ಎತ್ತಿದ್ದು.

ಎದ್ದು ನಿಂತ ಗಾಡಿಯ ಹಿಂದೆ
ಮೋಡ ಪೂರ್ತಿ ಸರಿದಿತ್ತು.
ಸ್ಟಾಪು ಬರಲಿಲ್ಲ.

ಮುರಿದ ಮೋಟನ್ನು ಎರಡು ಬೆರಳಲ್ಲಿ ಒತ್ತುತ್ತ
ಕತ್ತಲಾಗುವ ಮೊದಲು ಇಳಿದೆ.
ಹೊಸ ಲಿವರಿಗೆ ಕೀಟೊದಿಂದ ಹತ್ತು ದಿನವಂತೆ.
ಸೋಮವಾರ ಊಟದ ಹೊತ್ತಲ್ಲಿ
ಉಕ್ಕಿನ ತಂತಿ ಬಿಗಿದು, ಪುಡಿ ಕಲಸಿ,
ನನ್ನ ಹಿಡಿಯನ್ನೇ ಒತ್ತಿ ಅಚ್ಚು ತೆಗೆದೆ;
ಉಜ್ಜಿ ಹೊಳಪು ಕೊಟ್ಟೆ.
ಲ್ಯಾಬಿನಲ್ಲಿ ಇದ್ದದ್ದು ಒಂದೇ ಬಣ್ಣ, ಒಸಡಿನ ಗುಲಾಬಿ.

ಡಾಕ್ಟರು ಟ್ರೇಯಿಂದ ಎತ್ತಿ, ಬೆಳಕಿಗೆ ಹಿಡಿದು,
ಮೇಲೆ ಕೆಳಗೆ ತಿರುಗಿಸಿ ಕೇಳಿದರು:
ಇದು ಯಾರ ಅಳತೆ, ಸೊಯ್ಲಾ?
ನನ್ನದು, ಅಂದೆ.

ಸೀಟು ಇನ್ನೂ ಎರಡು ಬೆರಳು ಎತ್ತರವೇ ಇದೆ.