ಚರ್ಮ ಬೇಕು

ಮಂಗಳವಾರ, ಶುಕ್ರವಾರ ಬೆಳಗ್ಗೆ ಐದೂವರೆಗೆ
ನನ್ನ ಓಮ್ನಿ ವಿರಾಜಪೇಟೆ ಬಿಟ್ಟು ಮಡಿಕೇರಿ ಹತ್ತುತ್ತದೆ.
ಹಿಂದಿನ ಸೀಟು ಕಿತ್ತು ಹಾಕಿದ್ದೇನೆ.
ಅಲ್ಲಿ ಎರಡು ಟಬ್ಬು, ಒಂದೇ ಹಂದಿ.

ಮೊದಲ ಟಬ್ಬು ಚೋಂದಮ್ಮನ ಮೆಸ್ಸಿಗೆ.
ಚರ್ಮ ಇರಬೇಕು, ಕೂದಲು ಬೆಂಕಿಗೆ ಹಿಡಿದು ಸುಟ್ಟಿರಬೇಕು,
ಕೊಬ್ಬು ಬೆರಳಿನಷ್ಟು ದಪ್ಪ.
ತಕ್ಕಡಿಯನ್ನು ಆಕೆ ನಂಬುವುದಿಲ್ಲ;
ಚೀಲವನ್ನೆತ್ತಿ ಕೈಯಲ್ಲೇ ತೂಗಿ
"ಸಿಪ್ರಿ, ಇದು ಕಾಲು ಕಿಲೋ ಸುಳ್ಳು ಹೇಳ್ತಿದೆ" ಎನ್ನುತ್ತಾಳೆ.
ಹೇಳ್ತಿರುತ್ತದೆ.

ಎರಡನೆಯದು ಎದುರಿನ ಮಹಡಿಗೆ.
ಟೈಪಿಂಗ್ ಕ್ಲಾಸು ಇದ್ದ ಜಾಗ. ಈಗ ಪೂರಾ ಗಾಜು,
ಗುಲಾಬಿ ದೀಪದಲ್ಲಿ ನನಗೆ ಓದಲು ಬಾರದ ಅಕ್ಷರ,
ಅದರಡಿ ಸಣ್ಣಗೆ: ಕೊರಿಯನ್ ಊಟ ಸಿಗುತ್ತದೆ.
ಇವರಿಗೆ ಚರ್ಮ ಬೇಡ. ಹೊಟ್ಟೆಯ ಭಾಗ, ಮೂರು ಮಿಲಿಮೀಟರು.
ಮ್ಯಾನೇಜರ್ ನಿಶಿತ್ ಶಾಲೆ ಮಕ್ಕಳ ಸ್ಕೇಲು ಇಟ್ಟು ಅಳೆಯುತ್ತಾನೆ.
ಮೇಜಿನ ನಡುವೆ ತೂತು, ತೂತಿನಲ್ಲಿ ಬೆಂಕಿ,
ಬಂದವರು ತಾವೇ ಸುಟ್ಟುಕೊಂಡು ತಿನ್ನಬೇಕು.
ಚೋಂದಮ್ಮನಿಗೆ ಹೇಳಿದೆ.
"ದುಡ್ಡೂ ಕೊಟ್ಟು ಒಲೆ ಮುಂದೆಯೂ ಕೂರಬೇಕಾ?"
ನಕ್ಕು ಕೆಮ್ಮಿ, ಕಡಂಬುಟ್ಟಿನ ಹಬೆಯೊಳಗೆ ಹೋದಳು.

ಮೇಲಿನ ಅಡುಗೆಯವಳ ಜೊತೆ ಕಾಲೇಜು ಹುಡುಗಿಯರು
ಬೆರಳಲ್ಲಿ ಹೃದಯ ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ.
ನಿಶಿತ್ ಕಲಿಸಿದಂತೆ ಅವಳು ಬಾಗಿ ನಮಿಸುತ್ತಾಳೆ.
ಹೆಸರು ಲಾಲ್‌ರಿನ್‌ಪುಯಿ. ಊರು ಐಜಾಲ್.
ಕೊರಿಯಾವನ್ನು ಅವಳೂ ಫೋನಿನಲ್ಲೇ ನೋಡಿದ್ದು.
ನಾನು ಕಲಿಸಿದ ಕನ್ನಡ ಮೂರು ಮಾತು:
ಚರ್ಮ, ಬೇಡ, ನಾಳೆ ಬಾ.

ಆಟಿ ತಿಂಗಳ ಒಂದು ಶುಕ್ರವಾರ, ಟಬ್ಬು ಇಳಿಸುವಾಗ
ಮೆಲ್ಲಗೆ ಅಂದಳು: "ಚರ್ಮ ಬೇಕು."
ಬೇಕು ಅನ್ನುವುದನ್ನು ನಾನು ಕಲಿಸಿರಲಿಲ್ಲ.

ರಸ್ತೆ ದಾಟಿಸಿ ಕರೆದುಕೊಂಡು ಹೋದೆ.
ಮೆಸ್ಸಿನ ಹಿಂದೆ ಬಕೆಟ್ಟಿನಲ್ಲಿ ಕಣಿಲೆ ನೆನೆದು ಮೂರು ದಿನ,
ಟೂರಿಸ್ಟುಗಳು ಮೂಗು ಮುಚ್ಚಿ ಓಡುವ ವಾಸನೆ.
ಅವಳು ಬಗ್ಗಿ, ಮುಖವನ್ನೇ ಬಕೆಟ್ಟಿಗಿಟ್ಟು
ಉಸಿರೆಳೆದಳು. ಎದ್ದಾಗ ಕಣ್ಣು ಕೆಂಪು.
ಪರಂಗಿ ಮೆಣಸು ಅರೆಯುತ್ತಿದ್ದರು, ಅದಕ್ಕೂ ಇರಬಹುದು.

ಪಂದಿಕರಿ, ಬೈಂಬಳೆ, ನಾಲ್ಕು ಕಡಂಬುಟ್ಟು.
ಚೋಂದಮ್ಮ ಕೇಳದೆಯೇ ಐದನೆಯದು ಹಾಕಿದಳು,
ನನ್ನನ್ನು ಕೇಳಿದಳು, "ಇವಳು ಕೊರಿಯಾದವಳಾ?"
"ಅಲ್ಲ."
"ಹಾಗನ್ನು. ತಿನ್ನೋದು ನೋಡಿದರೆ ಗೊತ್ತಾಗಲ್ವ."

ಮುಂದಿನ ವಾರ ಹಾರ್ಲಿಕ್ಸ್ ಬಾಟಲಿಯಲ್ಲಿ
ಕೆಂಪಗೆ ಹುಳಿ ಬಂದ ಕೋಸು ಈಚೆಗೆ ದಾಟಿತು.
ಚೋಂದಮ್ಮ ಒಂದೆಳೆ ಬಾಯಿಗಿಟ್ಟು, ತುಂಬ ಹೊತ್ತು ಅಗಿದು,
"ಹುಳಿ ಇದೆ. ಕಾಚಂಪುಳಿ ಅಲ್ಲ" ಎಂದು
ಗಲ್ಲಾಪೆಟ್ಟಿಗೆಯ ಹಿಂದೆ ಅಡಗಿಸಿದಳು.
ಯಾರ ತಟ್ಟೆಗೂ ಅದು ಬಂದಿದ್ದು ನಾನು ಕಂಡಿಲ್ಲ.
ಬಾಟಲಿ ಮಾತ್ರ ಪ್ರತಿ ಸಲ ಇನ್ನಷ್ಟು ಕೆಳಗಿಳಿದಿರುತ್ತದೆ.

ಈಗ ಎರಡು ಟಬ್ಬಿನ ನಡುವೆ ಒಂದು ಪೊಟ್ಟಣ,
ಸುಟ್ಟ ಚರ್ಮ, ಬಾಳೆ ಎಲೆ. ತೂಕವಿಲ್ಲ, ಬಿಲ್ಲಿಲ್ಲ.
ಇವತ್ತು ನಿಶಿತ್ ಸ್ಕೇಲು ಎತ್ತಿ ಹಿಡಿದು ಕೂಗಿದ:
"ನಾಲ್ಕು ಮಿಲಿ, ಸಿಪ್ರಿಯಣ್ಣ, ನಾಲ್ಕು!"
ಕತ್ತಿ ಮಸೆಯಬೇಕು ಅಂದೆ.