ಏಳನೇ ಕಂತು

ಮೋರ್ಕಮ್‌ನ ಕಡಲು ದಿನಕ್ಕೆರಡು ಸಲ
ಮೈಲಿಗಟ್ಟಲೆ ಹಿಂದೆ ಸರಿದು ಕೆಸರು ತೋರಿಸುತ್ತದೆ,
ಬಚ್ಚಿಟ್ಟದ್ದನ್ನೆಲ್ಲ ಒಪ್ಪಿಕೊಳ್ಳುವ ಹಾಗೆ.
ಅದರೆದುರು ನಮ್ಮ ವೃದ್ಧರ ಮನೆ.
ಇಲ್ಲಿ ನಾನು ಸೂ.
ಸುಗುಣಾವತಿ ಎನ್ನುವಷ್ಟು ಪುರುಸೊತ್ತು
ಯಾರ ನಾಲಿಗೆಗೂ ಇಲ್ಲ.

ಶನಿವಾರ ಸಂಜೆ ಹಜಾರದಲ್ಲಿ ಸಿನಿಮಾ.
ರಿಮೋಟು ನನ್ನ ಕೈಯಲ್ಲಿ,
ಹನ್ನೊಂದು ಮುದಿ ಆತ್ಮಗಳನ್ನೂ
ಅದರ ಜೊತೆಗೇ ಒಪ್ಪಿಸಿದ್ದಾರೇನೋ ಎಂಬಂತೆ ಹಿಡಿದಿರುತ್ತೇನೆ.
ಮುತ್ತಿನ ದೃಶ್ಯ ಬಂತೋ, ಬೆರಳು ತಾನೇ ಓಡಿಸಿಬಿಡುತ್ತದೆ.
"ಏ ಸೂ, ಮೂರು ಗಂಡಂದಿರನ್ನು ಮಣ್ಣು ಮಾಡಿದವಳು ನಾನು,
ಮುತ್ತು ನನಗೆ ಹೊಸದಲ್ಲ, ಹಿಂದಕ್ಕೆ ಹಾಕು!"
ಎನ್ನುತ್ತಾಳೆ ಮೇವಿಸ್.
ಬಿಂಗೋ ಶುರುವಾದರೆ ಜೂಜೆಂದು ಎದ್ದು ಹೋಗುವ
ಮೆಥಡಿಸ್ಟ್ ವಿನಿಫ್ರೆಡ್‌ಗೆ ಕುಸ್ತಿ ಬೇಕು,
ರಕ್ತ ಬಂದರೆ ಚಪ್ಪಾಳೆ.
ಒಬ್ಬೊಬ್ಬರ ಜರಡಿಗೆ ಒಂದೊಂದು ಅಳತೆಯ ತೂತು.

ನನ್ನ ಜರಡಿ ಬೆಟಗೇರಿಯದು.
ಅಪ್ಪ ಸಮುವೇಲಪ್ಪ, ಮಗ್ಗದವರು, ಸಭೆಯ ಹಿರಿಯರು.
ಟೂರಿಂಗ್ ಟಾಕೀಸಿನೊಳಗೆ ನಾವು ಕಾಲಿಡುವಂತಿರಲಿಲ್ಲ.
ಅದಕ್ಕೇ ಹಿಂಬದಿಯಿಂದ, ಹರಿದ ಗೋಣಿತಟ್ಟಿನ ಕಿಂಡಿಯಲ್ಲಿ,
ನಾನು ಪರದೆಯ ಬೆನ್ನು ನೋಡಿದೆ:
ಅಕ್ಷರವೆಲ್ಲ ಉಲ್ಟಾ,
ನಾಯಕ ಎಡಗೈಲಿ ಆರತಿ ಎತ್ತಿದ.
ಸಿಕ್ಕಿಬಿದ್ದೆ. ಅಪ್ಪ ಹೊಡೆಯಲಿಲ್ಲ.
ಕಂದೀಲಿನ ಬುಡದಲ್ಲಿ ಕೂರಿಸಿ ಕಥೆ ಪೂರ್ತಿ ಕೇಳಿದರು,
ಎರಡು ಕಡೆ ನಕ್ಕರು ಕೂಡ.
ಆಮೇಲೆ ಒಂದೇ ಮಾತು:
"ನೋಡಿ ಬಂದ ಮ್ಯಾಲ ಮೊಣಕಾಲೂರಾಕ ಆಗ್ತದೇನವಾ?"
ಆಗತದ ಅಂದೆ. ಊರಿದೆ.
ಕಣ್ಣು ಮುಚ್ಚಿದರೆ ಸಾಕು, ಆ ಎಡಗೈ.

ಇಷ್ಟು ಹೇಳಿದವಳು ಉಳಿದದ್ದನ್ನೂ ಹೇಳಬೇಕು.
ಮುತ್ತಿಗೆ ಬೆಚ್ಚುವ ನಾನು
ಪಾಳಿ ಮುಗಿಸಿ ಬಂದು, ಕಿವಿಗೆ ವೈರು ಸಿಕ್ಕಿಸಿ,
ಹೊದಿಕೆಯೊಳಗೆ ಕೊಲೆಯ ಧಾರಾವಾಹಿ ನೋಡುತ್ತಿದ್ದೆ.
ಆರು ಕಂತಿಗೆ ಹದಿನಾಲ್ಕು ಹೆಣ.
ಯಾರೂ ಬಟ್ಟೆ ಬಿಚ್ಚುವುದಿಲ್ಲ, ಬೈಗುಳವೂ ಕಡಿಮೆ,
ಹೀಗಾಗಿ ನನ್ನ ಲೆಕ್ಕದಲ್ಲಿ ಅದು ಶುದ್ಧ.
ಒಂಬತ್ತನೆಯ ಹೆಣದ ಹೊತ್ತಿಗೆ
ಚಹಕ್ಕೆ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದೆ.

ಫೆಬ್ರುವರಿಯ ಒಂದು ಬೆಳಗಿನ ಜಾವ
ಹನ್ನೆರಡನೇ ಕೋಣೆಯ ಆರ್ನಲ್ಡ್ ತೀರಿಕೊಂಡರು.
ಈ ಕೊಲ್ಲಿಯಲ್ಲೇ ಸಿಗಡಿ ಹಿಡಿದು ಬದುಕಿದ ಮನುಷ್ಯ.
ಮೈ ಒರೆಸುವ ಸರದಿ ನನ್ನದು.
ಕಿಟಕಿ ತೆರೆದೆ. ಬೆಚ್ಚಗಿನ ನೀರು ತಂದೆ,
ತಣ್ಣಗಿದ್ದರೂ ಯಾರು ಕೇಳುತ್ತಿದ್ದರು.
ಹೆಬ್ಬೆರಳ ಬುಡದಲ್ಲಿ ಬಲೆಯ ಹಗ್ಗ ಕೊಯ್ದ ಹಳೆಯ ಗೆರೆ.
ಸತ್ತವರನ್ನೂ ಹೇಳಿಯೇ ಮುಟ್ಟಬೇಕೆಂದು ಇಲ್ಲಿ ಕಲಿಸುತ್ತಾರೆ.
"ಈಗ ಎಡಗೈ, ಆರ್ನಲ್ಡ್."
"ಈಗ ಸ್ವಲ್ಪ ಮಗ್ಗುಲಿಗೆ."
ಎಷ್ಟು ಭಾರ!
ಆ ಹದಿನಾಲ್ಕರಲ್ಲಿ ಒಬ್ಬರೂ ಇಷ್ಟು ಭಾರ ಇರಲಿಲ್ಲ.
ಒಬ್ಬರ ಹೆಸರೂ ನೆನಪಾಗಲಿಲ್ಲ.
ಹಾಳೆ ಎಳೆದು ಸರಿಮಾಡಿ,
ಮಂಚದ ಬದಿಗೆ ಮೊಣಕಾಲೂರಲು ಹೋದರೆ
ಅಲ್ಲಿ, ಆಗಲೇ ಬಂದು ಕೂತಿತ್ತು ಅಪ್ಪನ ಪ್ರಶ್ನೆ.

ಇದರಿಂದ ನಾನೇನೂ ದೇವದೂತೆ ಆಗಲಿಲ್ಲ.
ಹೋದ ವಾರ ಕುಸ್ತಿ ಹಾಕಿದೆ,
ವಿನಿಫ್ರೆಡ್ ಜೊತೆ ಸೇರಿ ಕೂಗಿದೆ.
ಮುತ್ತಿನ ದೃಶ್ಯ ಓಡಿಸುವುದು ಬಿಟ್ಟಿದ್ದೇನೆ;
ಆಗೆಲ್ಲ ಮೇವಿಸ್ ಹಾಸ್ಯ ಮಾಡುವುದಿಲ್ಲ,
ಖಾಲಿ ಕುರ್ಚಿಯ ಕೈ ಹಿಡಿದು ನೋಡುತ್ತಾಳೆ.
ಏಳನೇ ಕಂತು ಮಾತ್ರ ಫೋನಿನಲ್ಲಿ ಕಾಯುತ್ತಲೇ ಇದೆ,
ಮುಂದುವರಿಸುವಿರಾ ಎಂದು ಕೆಂಪು ಗೆರೆ ತೋರಿಸುತ್ತ.
ಕೊಂದವರು ಯಾರೆಂದು ಕೆಲವು ರಾತ್ರಿ
ಬಹಳ ಕುತೂಹಲ.
ಆ ಮಾಲಿಯ ಮೇಲೆಯೇ ನನ್ನ ಅನುಮಾನ.