ಏಳನೇ ಹಂತದ ತೂಬು

ನಮ್ಮ ಆಟದ ಕತ್ತೆಗೆ ತಹಸೀಲ್ದಾರ್ ಅಂತ ಹೆಸರು.
ಒಂದು ಹೆಜ್ಜೆ ಇಡಬೇಕಾದರೆ ಮೂರು ಸಲ ಗುಂಡಿ ಒತ್ತಬೇಕು.
ಮೊದಲ ಸಲಕ್ಕೆ ಕಿವಿ ಆಡಿಸುತ್ತದೆ,
ಎರಡನೆಯದಕ್ಕೆ ನಾಳೆ ಬಾ ಅನ್ನುವ ಹಾಗೆ ನೋಡುತ್ತದೆ.
ಆ ನೋಟ ನಸ್ರೀನಳ ಪ್ರೋಗ್ರಾಮು, ಮೀಸೆ ನನ್ನದು.
ಕತ್ತೆಗೆ ಮೀಸೆ ಯಾಕೆ ಅಂತ ಯಾರೂ ಕೇಳಿರಲಿಲ್ಲ.

ಸರಸ್ವತೀಪುರದಲ್ಲಿ ಹಿಟ್ಟಿನ ಗಿರಣಿ, ಅದರ ಮೇಲೆ ನಾವು.
ಕೀಬೋರ್ಡಿನ ಸಂದಿಗೊಂದಿಯಲ್ಲೆಲ್ಲ ರಾಗಿಹಿಟ್ಟು.
ಕೆಳಗೆ ಕಲ್ಲು ತಿರುಗಿದರೆ ಮೇಲೆ ಪರದೆ ನಡುಗಿ
ನಮ್ಮ ನಾಯಕಿ ಕೆಂಪಿಯೂ ನಡುಗುತ್ತಾಳೆ;
ನೋಡಿದವರು ಅದನ್ನು ಅಭಿನಯ ಅಂದುಕೊಂಡರು,
ನಾವು ಸುಮ್ಮನಿದ್ದೆವು.

ಕೆಂಪಿ ಹಾರಬೇಕು. ಕಬ್ಬಿನ ಗಾಡಿಯಿಂದ ಗಾಡಿಗೆ,
ಆಲೆಮನೆ ಕೊಪ್ಪರಿಗೆಯ ಅಂಚಿಂದ ಅಂಚಿಗೆ,
ದಾರಿಯಲ್ಲಿ ಬೆಲ್ಲದಚ್ಚು ಆಯುತ್ತ.
ಇಪ್ಪತ್ತಕ್ಕಿಂತ ಹೆಚ್ಚು ಕೂಡಿಟ್ಟರೆ ಇರುವೆ ಬರುತ್ತವೆ.
ಬಿದ್ದರೆ ಸಾಯುವುದಿಲ್ಲ. ಮೋಡದಿಂದ ಅವಳ ಅತ್ತೆ ಇಣುಕಿ
"ನಾನಾಗ್ಲೇ ಹೇಳ್ನಿಲ್ವಾ?" ಅನ್ನುತ್ತಾಳೆ.
ಅದಕ್ಕಿಂತ ಸಾವೇ ವಾಸಿ ಅಂತ ಹುಡುಗರ ದೂರು.

ಏಳನೇ ಹಂತ: ಮೂರು ತೂಬು, ಒಂದು ನಾಲೆ, ಒಂದು ಹಲಗೆ.
ಇಂಜಿನಿಯರಿಂಗ್ ಹುಡುಗರು ಹನ್ನೊಂದು ಜನ
ನಾಲ್ಕು ದಿನ ಅಲ್ಲೇ ಮುಳುಗಿ ಏಳುತ್ತಿದ್ದರು.
ಭಾನುವಾರ ಲ್ಯಾಪ್‌ಟಾಪು ಬಗಲಿಗೆ ಹಾಕಿ
ಕೆರಗೋಡಿಗೆ ಹೋದೆ, ಮರಿಯಯ್ಯ ದೊಡ್ಡಪ್ಪನ ಜಗಲಿಗೆ.
ಮೂವತ್ತೊಂದು ವರ್ಷ ನೀರುಗಂಟಿ.
ಮೇಲಿನ ಗದ್ದೆಯವರ ಬೈಗುಳ ಬಲಗಿವಿಗೆ,
ಬಾಲದ ಗದ್ದೆಯವರದು ಎಡಗಿವಿಗೆ;
ಎರಡೂ ಈಗ ಅಷ್ಟಾಗಿ ಕೇಳಿಸವು.

"ಈ ಹೆಣ್ಮಗ ಯಾಕವ್ವ ಹಿಂಗ್ ನೆಗೀತದೆ? ಏಣಿ ಇಲ್ವಾ?"
ಅನ್ನುತ್ತಲೇ ಆರು ಹಂತ ದಾಟಿದ,
ಹನ್ನೆರಡು ಸಲ ಅತ್ತೆಯನ್ನು ಕಂಡು,
ಪ್ರತಿ ಸಲವೂ ಅವಳಿಗೆ ಮರುಮಾತಾಡಿ.
ಏಳನೆಯದಕ್ಕೆ ಬಂದವನು ಕನ್ನಡಕ ಸರಿಮಾಡಿಕೊಂಡು
"ಥೂ, ಇದಾ?
ಕೆಳಗಿನ್ ತೂಬು ಮೊದ್ಲು ಬಿಡ್ಬೇಕು ಕನವ್ವ.
ಮೇಲಿಂದ್ ಸುರು ಮಾಡಿದ್ರೆ
ಬಾಲದ್ ಗದ್ದೆಯೋರು ದೊಣ್ಣೆ ತಕಂಡ್ ಬತ್ತರೆ."
ಕಟ ಕಟ ಕಟ. ನೀರು ಏರಿತು, ಹಲಗೆ ತೇಲಿತು.

ಆ ಹಲಗೆ ಒಬ್ಬರನ್ನೇ ಹೊರುವುದು.
"ಕತ್ತೆ?" ಅಂದ.
"ಬರುತ್ತೆ ದೊಡ್ಡಪ್ಪ, ಮುಂದಿನ ಹಂತದಲ್ಲಿ ಸಿಗುತ್ತೆ."
"ಯಾರೇಳುದ್ರು?"
"ನಾನೇ ಅಲ್ವಾ ಬರೆದಿರೋದು!"
"ನೀನ್ ಬರ್ದಿದ್ದೀಯೆ. ಅದ್ಕೆ ಗೊತ್ತಾ?"

ಕೈಯೆರಡೂ ಮಡಿಲಲ್ಲಿಟ್ಟು ಕೂತುಬಿಟ್ಟ.
ಕೆಂಪಿ ಕಣ್ಣು ಪಿಳುಕಿಸಿದಳು. ಹಲಗೆ ತೂಗಿತು.
ದೊಡ್ಡಮ್ಮ ಕಾಫಿ ತಂದಿಟ್ಟು, ಲೋಟ ಒಳಗೊಯ್ದು, ಅವರೆಕಾಯಿ ಸುಲಿಯಲು ಕೂತಳು.
ನನ್ನ ಬೆರಳು ತುರಿಸುತ್ತಿತ್ತು: ಒಂದೇ ಒಂದು ಗುಂಡಿ, ದೊಡ್ಡಪ್ಪ!
"ತಡಿಯವ್ವ. ನೀರ್ ಬರೋಗಂಟ ಕೂರೋದೂ ಕೆಲ್ಸನೇಯ."

ಎಂಟು ನಿಮಿಷಕ್ಕೋ ಏನೋ
ತಹಸೀಲ್ದಾರ್ ಸೀನಿತು.
ಯಾವ ಅರ್ಜಿಯೂ ಇಲ್ಲದೆ, ಯಾರೂ ಏನೂ ಒತ್ತದೆ,
ಮುಂಗಾಲು ನೀರಿಗಿಟ್ಟು
ಮೀಸೆ ಮಾತ್ರ ಒದ್ದೆಯಾಗದ ಹಾಗೆ ತಲೆಯೆತ್ತಿ
ಈಜತೊಡಗಿತು.

ನಾನು ಬರೆದದ್ದಲ್ಲ ಅದು. ನಸ್ರೀನಳಿಗೆ ಫೋನು ಮಾಡಿದೆ.
"ಓ, ಅದಾ? ಹೋದ ವರ್ಷ ನಿದ್ದೆ ಬಾರದ ಒಂದು ರಾತ್ರಿ ಸೇರಿಸಿದ್ದೆ.
ಅಷ್ಟು ಹೊತ್ತು ಯಾರು ಕಾಯ್ತಾರೆ ಅಂತ
ನಾನೇ ಮರೆತುಬಿಟ್ಟೆ ಕಣೆ."

ದೊಡ್ಡಪ್ಪನಿಗೆ ಆಶ್ಚರ್ಯವೇನಿಲ್ಲ.
ಕತ್ತೆ ಆಚೆ ದಡ ಹತ್ತಿ ಮೈ ಕೊಡವುವುದನ್ನು ನೋಡಿ
ಆಮೇಲೆ ಕೆಂಪಿಯನ್ನು ಹಲಗೆಗೆ ಇಳಿಸಿ ದಾಟಿಸಿದ.
ನಾನು ಲ್ಯಾಪ್‌ಟಾಪು ಮುಚ್ಚುವಾಗ ಕೇಳಿದ:
"ಅದಿರ್ಲಿ, ಕತ್ತೆಗ್ಯಾಕವ್ವ ಮೀಸೆ?"